ಯಂಕಪ್ಪನ ಬಲಗಣ್ಣು

ಸಂದರ್ಶನಕ್ಕೆ ಬಂದವರೆಲ್ಲ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ: ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹುಡುಗಿಯೊಬ್ಬಳ ಕೈಗೆ ಸಿನಿಮಾ ಕ್ಯಾಮೆರಾ ಬಂದದ್ದು ಹೇಗೆ? ನಾನು ಬಾಯಿ ತೆರೆಯುವ ಮೊದಲೇ ಅವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಜರ್ಮನಿಯ ಛಾಯಾಗ್ರಾಹಕರೊಬ್ಬರು ನಮ್ಮ ಮನೆಯಲ್ಲಿ ಒಂದು ಬೇಸಿಗೆ ತಂಗಿದ್ದರಂತೆ, ನನ್ನಲ್ಲಿದ್ದ ಪ್ರತಿಭೆಯನ್ನು ಅವರು ಗುರುತಿಸಿದರಂತೆ, ಕತ್ತಲಲ್ಲಿದ್ದ ಮನೆಗೆ ಬೆಳಕು ತಂದರಂತೆ. ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದು ಕೃತಘ್ನತೆ ಎಂದು ಮುಖಕ್ಕೆ ಹೇಳಿದವರಿದ್ದಾರೆ, ಹೇಳಲಿ. ಯೋಆಖಿಮ್ ಅವರು ನನ್ನ ಗುರುಗಳು, ಅದರಲ್ಲಿ ಸಂಶಯವಿಲ್ಲ. ಆದರೆ ಅವರು ನಮ್ಮ ಮನೆಗೆ ಬರುವ ಮೊದಲೇ ಅಲ್ಲಿ ಬೆಳಕಿನ ಬಗ್ಗೆ ಖಚಿತವಾದ ಅಭಿಪ್ರಾಯಗಳಿದ್ದವು, ಜಗಳಗಳಿದ್ದವು, ನಿಯಮಗಳಿದ್ದವು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಬರೆಯುವಾಗ ಎಲ್ಲಿ ತಪ್ಪುವೆನೋ ಎಂಬ ಅಳುಕು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆದ್ದರಿಂದ ಈ ಒಂದು ವಿಷಯವನ್ನಾದರೂ ಸರಿಯಾಗಿ ದಾಖಲಿಸಬೇಕೆಂದು ಈ ಅಧ್ಯಾಯವನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಪೂರ್ವಕ್ಕೆ ತಲೆಬಾಗಿಲು, ಪಡಸಾಲೆ, ನಡುಮನೆ, ಕೊನೆಗೆ ಅಡುಗೆಮನೆ, ಅದರಾಚೆ ಹಿತ್ತಲು. ತಲೆಬಾಗಿಲಲ್ಲಿ ನಿಂತರೆ ಹಿತ್ತಲ ಬಾಗಿಲು ನೇರವಾಗಿ ಕಾಣುವಂತೆ ಕಟ್ಟಿದ ಮನೆ ಅದು. ಅಪ್ಪ ಅಡತಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೂಗುತ್ತಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬುಗಳ ಮೇಲೆ ಕೆಂಪು ಧೂಳು ಕುಳಿತಿರುತ್ತಿತ್ತು. ಅವ್ವ ಅಂಗಡಿಯಿಂದ ಬಂದ ಚೀಲಗಳನ್ನು ಅಡುಗೆಮನೆಯ ಒಂದು ಬದಿಗೆ ಸುರಿದುಕೊಂಡು ತುಂಬು ಬಿಡಿಸುತ್ತಿದ್ದಳು, ಅಂದರೆ ಕಾಯಿಯ ತೊಟ್ಟು ಮುರಿದು ಬೇರೆ ಮಾಡುತ್ತಿದ್ದಳು. ಸುಗ್ಗಿಯ ಕಾಲದಲ್ಲಿ ಊರಿಗೆ ಬಂದ ನೆಂಟರೆಲ್ಲ ಕೆಮ್ಮುತ್ತಿದ್ದರು, ಸೀನುತ್ತಿದ್ದರು. ನಮಗೆ ಆ ಘಾಟು ಗಾಳಿಯಷ್ಟೇ ಸಹಜವಾಗಿತ್ತು. ಈ ಮನೆಯ ಆಡಳಿತ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿಯ ನಿಯಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಬಾಗಿಲುಗಳದ್ದು. ದೀಪ ಹಚ್ಚುವ ಹೊತ್ತಿಗೆ ಮುಂದಿನ ಬಾಗಿಲು ಪೂರ್ತಿ ತೆರೆದಿರಬೇಕು, ಹಿತ್ತಲ ಬಾಗಿಲಿಗೆ ಅಗಳಿ ಬಿದ್ದಿರಬೇಕು. ಮುಂದಿನಿಂದ ಒಳಗೆ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದಲ್ಲ! ನಮ್ಮ ಹಿತ್ತಲಿದ್ದದ್ದು ಪಶ್ಚಿಮಕ್ಕೆ. ಹೀಗಾಗಿ ಆ ಮನೆಯಲ್ಲಿಯೇ ಹುಟ್ಟಿ ಬೆಳೆದ ನಾನು ನಮ್ಮ ಅಡುಗೆಮನೆಯನ್ನು ಇಳಿಬಿಸಿಲಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ಪ್ರಥಮ ದರ್ಜೆ. ರಾಣೇಬೆನ್ನೂರಿನ ಕಾಲೇಜಿಗೆ ಸೇರಿ ವಿಜ್ಞಾನ ಓದಬೇಕೆಂಬುದು ನನ್ನ ಹಟ. ಬೇಡವೆಂಬುದು ಶಂಕ್ರಪ್ಪ ಕಾಕಾನ ಹಟ. ಕಾಕಾ ಅಪ್ಪನ ತಮ್ಮ. ಅವನಿಗೆ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿಯಿತ್ತು. ಅಂಗಡಿಯ ಮುಂದೆ ನಿಂತು ಮಾತನಾಡುವವರೆಲ್ಲರ ಅಭಿಪ್ರಾಯಗಳು ಸಂಜೆ ಅವನ ಬಾಯಿಯಿಂದ ನಮ್ಮ ಮನೆಗೆ ಬರುತ್ತಿದ್ದವು. ಊಟಕ್ಕೆ ಕುಳಿತಾಗಲೆಲ್ಲ ಈ ವಿಷಯ ತಟ್ಟೆಗಿಂತ ಮೊದಲು ಬಡಿಸಲ್ಪಡುತ್ತಿತ್ತು.

“ಹತ್ತನೇತ್ತಾ ಆತಲ್ಲ, ಸಾಕು. ಬಸ್ಸಿನ್ಯಾಗ ಗಂಡಸರ ನಡುವ ನಿಂತು ದಿನಾ ಹೋಗಿ ಬಂದ್ಲಂದ್ರ ಮನೀ ಮರ್ಯಾದಿ ಏನ ಉಳೀತೈತಿ?”

“ಬಸ್ಸಿನ್ಯಾಗ ನಿಂತ್ರ ಬಿದ್ದ ಹೋಗೂ ಅಂಥಾದ್ದು ಅದೆಂಥಾ ಮರ್ಯಾದಿ ಶಂಕ್ರಪ್ಪ? ಕಿಸೇದಾಗ ಇಟಗೊಂಡೀರೇನು?” ಎಂದು ಅವ್ವ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು.

“ನೋಡೂಣು,” ಎನ್ನುತ್ತಿದ್ದರು ಅಪ್ಪ. ದಿನವಿಡೀ ತೂಗುವ ಮನುಷ್ಯ ಮನೆಯಲ್ಲಿ ಮಾತ್ರ ತಕ್ಕಡಿಯನ್ನು ಎತ್ತುತ್ತಿರಲಿಲ್ಲ.

“ಮ್ಯಾಲಿನ ಖೋಲ್ಯಾಗ ಇರಾಂವ ಹೋಗಲಿ. ಪರಊರಾಂವ ಇರೂವಾಗ ಮನೀ ಜಗಳಾ ಹಚ್ಚಬಾರದು. ಅಂವ ಹ್ವಾದ ಮ್ಯಾಲ ಮಾತಾಡೂಣು,” ಎಂದು ಆಯಿ ಮುಗಿಸುತ್ತಿದ್ದಳು.

ಮೇಲಿನ ಕೋಣೆಯಲ್ಲಿದ್ದವರೇ ಯೋಆಖಿಮ್. ಮೆಣಸಿನಕಾಯಿಯ ಕೆಂಪನ್ನು ಚಿತ್ರೀಕರಿಸಲು ಬಂದಿದ್ದ ಅವರಿಗೆ ಊರಿನಲ್ಲಿ ತಕ್ಕ ವಸತಿ ಸಿಗಲಿಲ್ಲವೆಂದು ಅಪ್ಪನ ಸಾಹುಕಾರರು ನಮ್ಮ ಮಾಳಿಗೆಯ ಕೋಣೆ ಕೊಡಿಸಿದ್ದರು. ಅವರು ನಮ್ಮ ಬಾಗಿಲುಗಳಿಗಿಂತ ಎತ್ತರದ ಮನುಷ್ಯರು. ಬಂದ ವಾರದಲ್ಲೇ ಹಣೆಗೆ ಗುಬುಟು ಬಂದಿತ್ತು. ಆಯಿ ಅದಕ್ಕೆ ಅರಿಷಿಣ ಹಚ್ಚಿ, ಅವರ ಹೆಸರನ್ನು ತನ್ನ ನಾಲಿಗೆಗೆ ಒಗ್ಗುವಂತೆ ಯಂಕಪ್ಪ ಎಂದು ತಿದ್ದಿಕೊಂಡಳು. ಮುಂಬಯಿಯಿಂದ ಜೊತೆಗೆ ಬಂದಿದ್ದ ಸಹಾಯಕ ಘಾಟಿಗೆ ಹೆದರಿ ಬೇಗನೆ ಮರಳಿ ಹೋದ. ಅಂದಿನಿಂದ ಮೂರು ಕಾಲಿನ ಸ್ಟ್ಯಾಂಡು ಹೊರುವುದು, ಕಪ್ಪು ಚೀಲದೊಳಗೆ ಕೈ ಹಾಕಿ ಕಣ್ಣಿಲ್ಲದೆ ಫಿಲ್ಮ್ ತುಂಬುವುದು, ಲೈಟ್ ಮೀಟರ್ ಹಿಡಿದು ಅದರ ಅಂಕಿಯನ್ನು ಓದುವುದು ನನ್ನ ಕೆಲಸವಾಯಿತು. ನಾನು ಯಾರ ಅನುಮತಿಯನ್ನೂ ಕೇಳಲಿಲ್ಲ. ಮನೆಯೊಳಗಿನ ಕೆಲಸವೆಂದು ಯಾರೂ ಮೊದಲು ತಡೆಯಲಿಲ್ಲ. ಮೀಟರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ ಅಪ್ಪ ಒಂದೇ ಮಾತು ಹೇಳಿದರು:

“ಇದು ಬೆಳಕಿನ ತಕ್ಕಡಿ ಅನ್ನು. ಕಾಟಾ ಹೊಡದು ತೂಕದಾಗ ಮೋಸಾ ಮಾಡಾಕ ಬರೂದಿಲ್ಲಲ್ಲ ಇದರಾಗ?”

ಯೋಆಖಿಮ್ ಅವರ ಇಂಗ್ಲಿಷ್ ಎರವಲಿನದು, ನನ್ನದೂ ಎರವಲಿನದು. ಎರವಲಿನ ಅರಿವೆ ತೊಟ್ಟ ಇಬ್ಬರು ಒಬ್ಬರನ್ನೊಬ್ಬರು ಹೀಯಾಳಿಸುವುದಿಲ್ಲ. ಊಟಕ್ಕೆ ಮಣೆಯ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತು, ರೊಟ್ಟಿ ಮುರಿಯುತ್ತ, ಅವರು ತಮ್ಮ ಬದುಕನ್ನು ತುಣುಕು ತುಣುಕಾಗಿ ಹೇಳಿದರು. ನಾನು ಅದನ್ನು ಆಯಿಗೆ ಕನ್ನಡದಲ್ಲಿ ಒಪ್ಪಿಸಿದೆ. ಅವರ ತಂದೆ ನದಿಯ ದಂಡೆಯ ಸಣ್ಣ ಪಟ್ಟಣವೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಯುದ್ಧದ ಕಾಲದಲ್ಲಿ ಬಾಂಬು ಬಿದ್ದು ಕಿಟಕಿಯ ಗಾಜು ಒಡೆದು ಯೋಆಖಿಮ್ ಅವರ ಎಡಗಣ್ಣು ಹೋಯಿತು. ಕ್ಯಾಮೆರಾಕ್ಕೆ ಒಂದೇ ಕಣ್ಣು ಸಾಕು, ಇನ್ನೊಂದನ್ನು ಹೇಗಿದ್ದರೂ ಮುಚ್ಚಬೇಕು ಎಂದು ಅವರು ನಗುತ್ತಿದ್ದರು. ಯುದ್ಧ ಮುಗಿದ ಮೇಲೆ ಫಿಲ್ಮ್ ತೊಳೆಯುವ ಕಾರ್ಖಾನೆಯೊಂದರಲ್ಲಿ ಕತ್ತಲಲ್ಲಿ ಕೆಲಸ. ಆಮೇಲೆ ಬೇರೊಬ್ಬ ಛಾಯಾಗ್ರಾಹಕರ ಸಾಮಾನು ಹೊತ್ತು ಹಿಮದ ಬೆಟ್ಟಗಳನ್ನು ಹತ್ತುವ ಕೆಲಸ. ಆಮೇಲೆ ದೊಡ್ಡ ದೊಡ್ಡ ಚಿತ್ರಗಳಿಗೆ ತಾವೇ ಛಾಯಾಗ್ರಾಹಕರು. ಕಲ್ಲಿದ್ದಲ ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬಳ ದೃಶ್ಯವಿತ್ತಂತೆ. ಇನ್ನಷ್ಟು ದೀನಳಾಗಿ ಕಾಣಲು ಅವಳ ಮುಖಕ್ಕೆ ಕೆಳಗಿನಿಂದ ಬೆಳಕು ಬಿಡಿ ಎಂದು ನಿರ್ದೇಶಕರು ಹೇಳಿದರಂತೆ. ಯೋಆಖಿಮ್ ಎಲ್ಲ ದೀಪಗಳನ್ನೂ ಆರಿಸಿ ಕೋಟು ಹಾಕಿಕೊಂಡು ಮನೆಗೆ ಹೋದರಂತೆ. ಆಮೇಲೆ ಯಾವ ಸ್ಟುಡಿಯೋದವರೂ ಅವರನ್ನು ಕರೆಯಲಿಲ್ಲ. ಅಂದಿನಿಂದ ಕೀಲಿ ಕೊಟ್ಟು ಓಡಿಸುವ ಸಣ್ಣ ಕ್ಯಾಮೆರಾ ಹಿಡಿದು, ಒಂದೊಂದು ಬಣ್ಣದ ಬೆನ್ನು ಹತ್ತಿ ಊರೂರು ತಿರುಗುತ್ತಿದ್ದರು. ಒಮ್ಮೆ ರಾಣೇಬೆನ್ನೂರಿನ ಕಾಡಿಗೆ ಕೃಷ್ಣಮೃಗಗಳನ್ನು ನೋಡಲು ಹೋಗಿ, ಒಂದಡಿ ಫಿಲ್ಮನ್ನೂ ಖರ್ಚು ಮಾಡದೆ ಬಂದರು. ಅವು ಚೆಲುವಾಗಿಯೇ ಇವೆ, ಅವಕ್ಕೆ ನನ್ನ ಅಗತ್ಯವಿಲ್ಲ ಎಂಬುದು ಅವರ ವಿವರಣೆ.

“ಹೇಣ್ತಿ?” ಎಂದು ಆಯಿ ಕೇಳಿದಳು.

ಇಬ್ಬರಿದ್ದರು, ಇಬ್ಬರೂ ಬಿಟ್ಟುಹೋದರು ಎಂದು ನಾನು ತರ್ಜುಮೆ ಮಾಡಿದೆ.

“ಇಬ್ರೂನ? ಹಂಗಿದ್ರ ತಪ್ಪು ಅವರದಲ್ಲ ಬಿಡು,” ಎಂದು ಆಯಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಇದನ್ನೂ ತರ್ಜುಮೆ ಮಾಡು ಎಂದು ಅವರು ಒತ್ತಾಯಿಸಿದಾಗ ಮಾಡಿದೆ. ಅವರು ಆ ರೊಟ್ಟಿಯನ್ನು ಮುರಿಯುತ್ತ, ಸರಿ ಎಂಬಂತೆ ತಲೆಯಾಡಿಸಿದರು.

ದೀಪಗಳನ್ನು ಆರಿಸಿ ಮನೆಗೆ ಹೋದ ಮನುಷ್ಯನ ಹಟ ನನಗೆ ಮೆಚ್ಚುಗೆಯಾಯಿತು, ಹೊಸದೆನಿಸಲಿಲ್ಲ. ಅವ್ವ ಅಂಥದನ್ನು ವಾರಕ್ಕೊಮ್ಮೆಯಾದರೂ ಮಾಡುತ್ತಿದ್ದಳು. ಕಾಕಾನ ಮಾತು ಅತಿಯಾದಾಗ ಒಲೆಯ ಕಟ್ಟಿಗೆಯನ್ನು ಹಿರಿದು ನೀರು ಚಿಮುಕಿಸಿ, “ಮರ್ಯಾದೀನ ಬೇಯಿಸ್ಕೊಂಡು ಉಣ್ರಿ,” ಎಂದು ತುಂಬು ಬಿಡಿಸಲು ಕುಳಿತುಬಿಡುತ್ತಿದ್ದಳು.

ಊರಿನಲ್ಲಿ ತೆಗೆಯಬೇಕಾದದ್ದನ್ನೆಲ್ಲ ತೆಗೆದ ಮೇಲೂ ಯೋಆಖಿಮ್ ಹೊರಡಲಿಲ್ಲ. ನಮ್ಮ ಅಡುಗೆಮನೆಯನ್ನು ಅವರು ಹಗಲೆಲ್ಲ ನೋಡಿದ್ದರು: ಒಲೆಯ ಹೊಗೆ, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ಗೋಡೆಯ ಬದಿಗೆ ಮೆಣಸಿನಕಾಯಿಯ ರಾಶಿ. ಸೂರ್ಯ ಇಳಿಯುವ ಹೊತ್ತಿಗೆ ಹಿತ್ತಲ ಬಾಗಿಲು ತೆರೆದಿದ್ದರೆ ಆ ಬೆಳಕು ರಾಶಿಯ ಮೇಲೆ ಹೇಗೆ ಹರಿದೀತೆಂಬುದನ್ನು ಅವರು ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ತೋರಿಸಿದರು. ಒಂದು ಸಂಜೆ, ಒಂದೇ ಒಂದು ಸಂಜೆ ಆ ಬಾಗಿಲು ತೆರೆದಿರಬೇಕು. ಕೇಳುವ ಕೆಲಸ ನನ್ನದಾಯಿತು. ಆಯಿ ಸಾಧ್ಯವಿಲ್ಲವೆಂದಳು. ಮನೆಯ ಹೆಂಗಸರನ್ನು ಈ ಪರಊರಿನವನು ಪರದೇಶದ ಪರದೆಯ ಮೇಲೆ ಕುಣಿಸುತ್ತಾನೆಂದು ಕಾಕಾ ಕೂಗಾಡಿದ. ಕೂತು ರೊಟ್ಟಿ ಬಡಿಯುವವರು ಕುಣಿಯುವುದು ಹೇಗೆಂದು ಅವ್ವ ಕೇಳಿದಳು. ದಿನಗಳು ಕಳೆದವು. ಕೊನೆಗೆ ಒಂದು ಮುಂಜಾನೆ ವಿಭೂತಿ ಹಚ್ಚಿಕೊಳ್ಳುತ್ತ ಆಯಿ ತಾನಾಗಿಯೇ ತೀರ್ಪು ಕೊಟ್ಟಳು.

“ಮುಂದೂ ಒಂದು ದೀಪಾ ಇಡೂದು, ಹಿತ್ತಲದಾಗೂ ಒಂದು ದೀಪಾ ಇಡೂದು. ಎರಡೂ ಕಡೆ ದೀಪಾ ಇದ್ರ ಯಾವ ಬಾಗಲಾ ಹಿಂದಿಂದು ಅಂತ ಲಕ್ಷ್ಮಿಗೆ ಹೆಂಗ ತಿಳೀಬೇಕು? ಒಳಗ ಇರತಾಳ.”

ಆಯಿಯ ಸ್ವಭಾವ ಇದು. ಅವಳು ನಿಯಮವನ್ನು ಎಂದೂ ಮುರಿಯಲಿಲ್ಲ; ನಿಯಮ ತಾನಾಗಿಯೇ ಸರಿದು ಕೂರುವಂತೆ ಒಂದು ನೆಪವನ್ನು ಒದಗಿಸುತ್ತಿದ್ದಳು. ಯೋಆಖಿಮ್ ಮರುದಿನ ಮುಂಜಾನೆ ಹೊರಡುವುದೆಂದು ಗೊತ್ತಾಯಿತು. ಅಂದರೆ ಆ ಸಂಜೆಯೇ ಆ ದೃಶ್ಯ, ಮರುದಿನವೇ ನನ್ನ ಕಾಲೇಜಿನ ತೀರ್ಮಾನ.

ನಮ್ಮಲ್ಲಿ ಬಂದವರ ಕೈಗೆ ಏನನ್ನು ಕೊಡುವುದಿದ್ದರೂ, ತಂಬಿಗೆಯಿರಲಿ, ತಟ್ಟೆಯಿರಲಿ, ಸೆರಗಿನಿಂದ ಒರೆಸಿ ಕೊಡುವುದು ಪದ್ಧತಿ. ಕ್ಯಾಮೆರಾದ ಗಾಜನ್ನು ಯಾರೂ ಮುಟ್ಟಕೂಡದೆಂದು ಯೋಆಖಿಮ್ ಮೊದಲ ದಿನವೇ ಹೇಳಿದ್ದರು. ಅವ್ವ ಅದನ್ನು ದೇವರ ಮಾತಿನಂತೆ ಪಾಲಿಸಿದ್ದಳು. ಕಣ್ಣಿಡುವ ಕಡೆಯ ರಬ್ಬರಿನ ಬಟ್ಟಲನ್ನು ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಮುಂಜಾನೆಯಿಂದ ತುಂಬು ಬಿಡಿಸಿದ ಕೈಗಳನ್ನು ಹತ್ತಾರು ಬಾರಿ ಒರೆಸಿಕೊಂಡ ಸೆರಗು. ಅದೇ ಸೆರಗಿನಿಂದ, ಆ ಬಟ್ಟಲಿನ ಮೇಲೆ ಕುಳಿತಿದ್ದ ಧೂಳನ್ನು ಅವ್ವ ಸುತ್ತಲೂ ಶ್ರದ್ಧೆಯಿಂದ ಒರೆಸಿ ಕ್ಯಾಮೆರಾವನ್ನು ಅವರ ಕೈಗಿತ್ತಳು. ಹಿತ್ತಲ ಬಾಗಿಲು ತೆರೆದಿತ್ತು. ಎರಡೂ ಕಡೆ ದೀಪಗಳು ಉರಿಯುತ್ತಿದ್ದವು. ಯೋಆಖಿಮ್ ಮಂಡಿಯೂರಿ, ತಮ್ಮ ಒಂದೇ ಕಣ್ಣನ್ನು ರಬ್ಬರಿಗೆ ಒತ್ತಿದರು. ಮರುಕ್ಷಣವೇ ತಮ್ಮ ಭಾಷೆಯಲ್ಲಿ ಏನೋ ಕೂಗಿದರು. ನಮಗಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಆ ಕೂಗು ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

“ನೀರ ಹಾಕಬ್ಯಾಡ್ರಿ! ಹಾಲ ತಾ, ತಣ್ಣನ್ನ ಹಾಲು!” ಎಂದು ಆಯಿ ಎದ್ದಳು. “ಯಂಕಪ್ಪ, ಅಳಪಾ. ಅತ್ರ ಖಾರ ತೊಳಕೊಂಡು ಹೋಗತೈತಿ. ಗಂಡಸಂತ ಬಿಗಿಹಿಡಕೊಂಡು ಕುಂದರಬ್ಯಾಡ. ಏ ಗಿರಿಜಾ, ಹೇಳ ಅಂವಗ!”

ದಯವಿಟ್ಟು ಅಳಿರಿ ಸರ್ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆಗಲೇ ಆ ಕೆಲಸದಲ್ಲಿದ್ದರು.

ಅವ್ವ ಸೆರಗಿನ ತುದಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ, ಗೋಡೆಗೆ ಒರಗಿ ನಿಂತಳು. “ಇದ್ದದ್ದೊಂದು ಕಣ್ಣು. ಅದನ್ನೂ ನಾನ ಕಳದೆ,” ಎಂದಳು. ಏನಾಯಿತೆಂದು ನಾನು ವಿವರಿಸಿದಾಗ ಯೋಆಖಿಮ್, ಹಾಲಿನಲ್ಲಿ ನೆನೆದ ಬಟ್ಟೆಯ ಕೆಳಗಿನಿಂದ, ಕಾರ್ಖಾನೆಯ ಕತ್ತಲಲ್ಲಿ ಇದಕ್ಕಿಂತ ಹೆಚ್ಚು ಕಾಲ ಇದ್ದೇನೆ, ನಾಳೆ ಸರಿಹೋಗುತ್ತದೆ ಎಂದು ಆಕೆಗೆ ಹೇಳು ಎಂದರು. ಆದರೆ ಬಿಸಿಲಿಗೆ ನಾಳೆ ಇರಲಿಲ್ಲ. ಅದು ಆಗಲೇ ಹೊಸ್ತಿಲು ದಾಟಿ ನೆಲದ ಮೇಲೆ ಹರಿದು, ರಾಶಿಯ ಅಂಚನ್ನು ಮುಟ್ಟಿತ್ತು.

ಕೂಗು ಕೇಳಿ ಪಡಸಾಲೆಯಿಂದ ಬಂದ ಕಾಕಾ ಮುಂದೆ ಕೈ ಚಾಚಿದ. “ಕೊಡ್ರಿ ಇಲ್ಲಿ, ನಾ ಹಿಡೀತೀನಿ. ಗುಂಡಿ ಒತ್ತೂದ ಅಲ್ಲೇನು?”

“ನಾ ಹಿಡೀತೀನಿ,” ಎಂದೆ.

“ನೀ ಏನ ಹಿಡೀತೀದಿ? ಒಲಿ ಮುಂದ ಕುಂದರಾಕಿ!”

ಯೋಆಖಿಮ್ ಕಣ್ಣು ಮುಚ್ಚಿಕೊಂಡೇ ಕ್ಯಾಮೆರಾವನ್ನು ಎತ್ತಿ ಹಿಡಿದು ಗಿರಿಜಾ ಎಂದರು. ಕಾಕಾನ ಕೈ ಹತ್ತಿರದಲ್ಲಿತ್ತು. ನನ್ನ ಕೈ ಬೇಗ ತಲುಪಿತು. ಆಯಿ ಅವ್ವನನ್ನು ಕರೆದುಕೊಂಡು ಮತ್ತೆ ಒಲೆಯ ಮುಂದೆ ರೊಟ್ಟಿಗೆ ಕುಳಿತಳು. ನನ್ನ ಲಂಗದ ಅಂಚಿನಿಂದ ರಬ್ಬರನ್ನು ಒರೆಸಿ ಕಣ್ಣಿಟ್ಟೆ. ಖಾರ ಇನ್ನೂ ಉಳಿದಿತ್ತು. ಉರಿಯಿತು. ಆ ಉರಿ ನನಗೆ ಹುಟ್ಟಿನಿಂದ ಪರಿಚಯ. ಕಣ್ಣೀರು ಸುರಿಯುತ್ತಿದ್ದರೂ ನೋಡಲು ಬರುತ್ತಿತ್ತು. ಕೀಲಿ ಕೊಟ್ಟೆ. ಮೀಟರಿನ ಅಂಕಿ ಹೇಳಿದೆ; ಅವರು ಕುಳಿತಲ್ಲಿಂದಲೇ ಲೆನ್ಸನ್ನು ಎಷ್ಟು ತೆರೆಯಬೇಕೆಂದು ಹೇಳಿದರು. ಕತ್ತಲು ಎಲ್ಲಿದೆ, ಮೊದಲು ಅದನ್ನು ಹೇಳು ಎಂದರು. ಒಲೆಯ ಹಿಂದೆ, ಎಂದೆ. ಹೊಗೆ? ಆಯಿಯ ತಲೆಯ ಮೇಲೆ. ಕೆಂಪು? ಆ ಕೆಂಪಿಗೆ ನನ್ನ ಬಳಿ ಇಂಗ್ಲಿಷ್ ಇರಲಿಲ್ಲ. ನಾನು ದಿನವೂ ತುಳಿದು ದಾಟುತ್ತಿದ್ದ ರಾಶಿ ಅದು. ಒಳಗಿನಿಂದ ಯಾರೋ ಊದಿದಂತೆ ಕೆಂಡವಾಗುತ್ತಿತ್ತು. ಅದರ ಹೊಳಪು ಅವ್ವನ ಗಲ್ಲದವರೆಗೆ ಏರಿತ್ತು. ಕನ್ನಡದಲ್ಲಿಯೇ ಹೇಳಿದೆ. ಅವರು ತಲೆಯಾಡಿಸಿ, ಸರಿ, ಒತ್ತು ಎಂದರು.

ಅಷ್ಟರಲ್ಲಿ ಚೌಕಟ್ಟಿನ ತುಂಬ ಕತ್ತಲಾಯಿತು. ಕಾಕಾ ಸುತ್ತಿ ಹೋಗಿ ಹಿತ್ತಲ ಹೊಸ್ತಿಲ ಮೇಲೆ ನಿಂತಿದ್ದ, ಕದಕ್ಕೆ ಕೈ ಹಾಕಿ.

“ಕಾಕಾ, ಸರೀರಿ.” ಕಣ್ಣು ತೆಗೆಯದೆಯೇ ಹೇಳಿದೆ. “ಬೆಳಕಿಗೆ ಅಡ್ಡ ಆಗೀರಿ.”

“ದೀಪಾ ಹಚ್ಚೂ ಹೊತ್ತು! ನನ್ನ ಮನ್ಯಾಗ ನನಗ ಸರಿ ಅಂತೀ?”

“ಹೌದ್ರಿ. ಸರೀರಿ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಸಹಾಯಕ್ಕಾಗಿ ಅತ್ತಿತ್ತ ನೋಡಲಿಲ್ಲ. ನೋಡಿದ್ದರೆ ಚೌಕಟ್ಟು ತಪ್ಪುತ್ತಿತ್ತು. ಕೊನೆಗೆ ಅವ್ವ ಕೊಣಮಿಗೆಯಲ್ಲಿ ಹಿಟ್ಟನ್ನು ಮತ್ತೆ ನಾದತೊಡಗಿದಳು, ಆಯಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಆ ಇಬ್ಬರು ತಮ್ಮ ಕೆಲಸಕ್ಕೆ ಮರಳಿದ ಮೇಲೆ ಕಾಕಾ ನಿಂತಿರಲು ಕಾರಣವೇ ಉಳಿಯಲಿಲ್ಲ. ಅವನು ಸರಿದ. ಬೆಳಕು ಮರಳಿ ಬಂತು, ಮೊದಲಿಗಿಂತ ತಗ್ಗಿನಲ್ಲಿ. ಕೀಲಿ ತೀರುವವರೆಗೆ ಗುಂಡಿಯನ್ನು ಒತ್ತಿ ಹಿಡಿದೆ, ಮತ್ತೆ ಕೀಲಿ ಕೊಟ್ಟೆ, ಮತ್ತೆ ಹಿಡಿದೆ. ಆ ದೃಶ್ಯವನ್ನು ಬಹಳ ವರ್ಷಗಳ ನಂತರ ಪರದೆಯ ಮೇಲೆ ನೋಡಿದ್ದೇನೆ. ಅದರಲ್ಲೊಂದು ಸಣ್ಣ ಅಲುಗಾಟವಿದೆ. ಯೋಆಖಿಮ್ ಅದನ್ನು ಕತ್ತರಿಸಿ ತೆಗೆದಿಲ್ಲ. ವಿದ್ವಾಂಸರೊಬ್ಬರು ಅದನ್ನು ಮಹಾನ್ ಛಾಯಾಗ್ರಾಹಕರ ಉದ್ದೇಶಪೂರ್ವಕ ಶೈಲಿ ಎಂದು ವಿವರಿಸಿದ್ದನ್ನು ಕೇಳಿದ್ದೇನೆ. ಅದು ನನ್ನ ಕೈ. ಖಾರ ಬಿದ್ದ ಕಣ್ಣಿನಿಂದ ಆ ವಿದ್ವಾಂಸರೂ ಒಮ್ಮೆ ತೆಗೆದು ನೋಡಲಿ.

ಮರುದಿನ ಮುಂಜಾನೆ ಜೀಪು ಬಂತು. ಓಣಿಯ ಕಟ್ಟೆಗಳೆಲ್ಲ ತುಂಬಿದ್ದವು. ಹಿಂದಿನ ಸಂಜೆಯ ಕೂಗು ಎಲ್ಲರನ್ನೂ ತಲುಪಿತ್ತು. ಯೋಆಖಿಮ್ ಅಪ್ಪನ ಕೈ ಕುಲುಕಿದರು, ಕಾಕಾನ ಕೈಯನ್ನೂ ಕುಲುಕಿದರು. ಅವ್ವನಿಗೆ, ಆಯಿಗೆ ಕೈ ಮುಗಿದರು. ನನ್ನ ಮುಂದೆ ಬಂದಾಗ ಒಂದು ಕ್ಷಣ ತಡೆದರು: ನಾನು ಮನೆಯ ಹೆಣ್ಣುಮಗಳೋ, ಜೊತೆಗೆ ಕೆಲಸ ಮಾಡಿದವಳೋ ಎಂಬುದನ್ನು ಅವರು ತೀರ್ಮಾನಿಸಲಿಲ್ಲ. ನನಗೆ ಬಿಟ್ಟರು. ನಾನು ಕೈ ಚಾಚಿದೆ. ಅವರು ಹಿಡಿದರು.

“ಏ, ಕೈ ಬಿಡ! ಓಣಿಯೆಲ್ಲಾ ನೋಡಾಕತ್ತೈತಿ,” ಎಂದು ಕಾಕಾ ಹಲ್ಲು ಕಚ್ಚಿ ಹೇಳಿದ.

ನಾನು ಬಿಡಲಿಲ್ಲ. ಕಾಲೇಜಿನ ಬಗ್ಗೆ ನಡೆಯಬೇಕಾದ ಮಾತು ಅಲ್ಲಿಯೇ ನಡೆದುಹೋಯಿತೆಂದು ಅವನಿಗೂ ತಿಳಿದಿತ್ತು. ಬಸ್ಸಿನಲ್ಲಿ ಗಂಡಸರ ನಡುವೆ ನಿಂತರೆ ಹೋಗುವ ಮರ್ಯಾದೆ ಹಾಡುಹಗಲಲ್ಲಿ, ಇಡೀ ಓಣಿಯ ಕಣ್ಣೆದುರು, ಕಾಲೇಜು ಸೇರುವ ಮೊದಲೇ ಹೋಗಿಬಿಟ್ಟಿತ್ತು. ಇನ್ನು ಕಾಪಾಡಲು ಏನಿತ್ತು? ಅಪ್ಪ ಎಂದಿನಂತೆ ನೆಲ ನೋಡಲಿಲ್ಲ. ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು.

“ರಾಣೇಬೆನ್ನೂರ ಬಸ್ಸಿಗೆ ಪಾಸ್ ಎಲ್ಲಿ ಮಾಡಸ್ತಾರ, ಕೇಳಕೊಂಡ ಬಾ ಶಂಕ್ರಪ್ಪ,” ಎಂದರು.

ಕಾಕಾ ಉತ್ತರಕ್ಕಾಗಿ ಆಯಿಯ ಕಡೆ ತಿರುಗಿದ. ಕಟ್ಟೆಗಳೂ ತಿರುಗಿದವು. ಆಯಿ ಹೊಸ್ತಿಲಲ್ಲಿ ನಿಂತು, ಓಣಿಯ ಎರಡೂ ತುದಿಗೆ ಕೇಳುವಂತೆ ದನಿ ಎತ್ತಿದಳು:

“ಅಂವಗ ಕಣ್ಣ ಕಾಣಂಗಿಲ್ಲ. ಕೈ ಬಿಡಬ್ಯಾಡ ಗಿರಿಜಾ, ಹಿಡಕೊಂಡು ಹೋಗಿ ಗಾಡಿ ಹತ್ತಸು.”

ಯೋಆಖಿಮ್ ಅವರ ಕಣ್ಣು ಆ ಮುಂಜಾನೆ ಚೆನ್ನಾಗಿಯೇ ಕಾಣುತ್ತಿತ್ತು. ಅದು ಆಯಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು. ನಾನು ಅವರ ಕೈ ಹಿಡಿದುಕೊಂಡು, ಅವಸರ ಮಾಡದೆ, ಜೀಪಿನವರೆಗೆ ನಡೆದೆ.